ಸೊನ್ನೆ ತೆಗೆದ ಮಳೆಗಾಲ

ಮಂಡಕ್ಕಿ ಭಟ್ಟಿಯ ಹೊಗೆ ಸೀರೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗಲ್ಲ. ಹೋದ ವಾರ ಹರಿಹರದಿಂದ ಕೆಲಸ ಮುಗಿಸಿಕೊಂಡು ದಾವಣಗೆರೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಇಸ್ತ್ರಿ ಮಾಡಿದ ಸೀರೆ, ತಲೆ ತುಂಬ ಹೂವು, ಯಾವುದೋ ಮದುವೆಗೆ ಹೋಗಿ ಬಂದಿದ್ದಳು ಅಂತ ಕಾಣುತ್ತೆ. ಅಷ್ಟಿದ್ದರೂ ಸೆರಗು ಸರಿಮಾಡಿಕೊಂಡಾಗ ಒಂದು ವಾಸನೆ ಬಂತು ನೋಡಿ, ಕಾದ ಮರಳು, ಹೊಟ್ಟಿನ ಹೊಗೆ, ಉಪ್ಪುನೀರಿನ ಅಕ್ಕಿ ಎಲ್ಲ ಕೂಡಿದ್ದು. ನಾಗವೇಣಿ ನೆನಪಾದಳು. ನೆನಪಾದಳು ಅನ್ನೋದೂ ಸುಳ್ಳೇ, ಅವಳನ್ನ ನಾನು ಮರೆತಿದ್ದಾದರೂ ಯಾವಾಗ? ನಾನು ದಿನಾ ಕೂರೋ ಕುರ್ಚಿ ಪಕ್ಕದ ಕುರ್ಚಿ ಅವಳದಾಗಬೇಕಿತ್ತು.

ಆ ವರ್ಷ ನಂದು ಡಿಗ್ರಿ ಮುಗಿದಿತ್ತು. ನಮ್ಮೂರು ಆನಗೋಡಿನ ಮನೆಯಲ್ಲಿ ಕೂತು ಎಮ್ಮೆಗೆ ಹುಲ್ಲು ಹಾಕೋದು, ಅಮ್ಮನ ಹತ್ತಿರ ಬೈಸಿಕೊಳ್ಳೋದು, ಇವೆರಡೇ ಕೆಲಸ. ಮುಂಗಾರು ಶುರುವಾದ ಹೊತ್ತಿಗೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆ ಮಹಡಿ ಮೇಲೆ ಹೆಂಗಸರಿಗೆ ಅಂತ ಕಂಪ್ಯೂಟರ್ ಕ್ಲಾಸ್ ತೆರೆದರು. ಪುಕ್ಕಟೆ. ಪೈಥಾನ್ ಅನ್ನೋ ಭಾಷೆಯಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯೋದು ಕಲಿಸ್ತಾರೆ, ದಸರಾ ದಾಟಿದ ಮೇಲೆ ಹರಿಹರದ ಒಂದು ಕಾರ್ಖಾನೆಯವರು ಪರೀಕ್ಷೆ ಮಾಡಿ ಇಬ್ಬರನ್ನ ಆಫೀಸಿಗೆ ತಗೊಳ್ತಾರೆ ಅಂತ ಸುದ್ದಿ. ಮೆಷಿನ್ನಿನ ಬಿಡಿಭಾಗ ಮಾಡೋ ಕಾರ್ಖಾನೆ ಅದು. ಯಾವ ಪಾಳಿಯಲ್ಲಿ ಎಷ್ಟು ತಯಾರಾಯ್ತು ಅನ್ನೋ ಲೆಕ್ಕ ಕಂಪ್ಯೂಟರಿಗೆ ಹಾಕೋಕೆ ಅವರಿಗೆ ಜನ ಬೇಕಿತ್ತು.

ಕಲಿಸೋರು ಸುಮಿತ್ರಾ ಮಿಸ್. ಮೊದಲು ಯಾವುದೋ ಕಾಲೇಜಿನಲ್ಲಿ ಪಾಠ ಮಾಡ್ತಿದ್ದವರು, ಅಲ್ಲಿ ಹುಡುಗರು ಬರೀ ಬಾಯಿಪಾಠ ಮಾಡ್ತಾರೆ ಅಂತ ಬೇಸತ್ತು ಬಿಟ್ಟುಬಂದಿದ್ದರು. ಯಾರಾದರೂ "ನಂಗೆ ಬರಲ್ಲ" ಅಂದರೆ ಸಾಕು, ತಮ್ಮ ಮನೆ ಮಗಳು ಜ್ವರ ಬಂದು ಮಲಗಿದಷ್ಟು ಸಂಕಟಪಡೋರು. ಕೆಟ್ಟವರಾಗಿದ್ದರೆ ಎರಡು ಬೈದು ಮರೆತುಬಿಡಬಹುದಿತ್ತು. ಕೆಟ್ಟವರಲ್ಲ, ಅದೇ ಕಷ್ಟ.

ನಾಗವೇಣಿ ಬಂದಿದ್ದು ಎರಡನೇ ದಿನ, ಅತ್ತೆಯ ಜೊತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹಾಗಾಗಿ ನಾಗಕ್ಕ ಅಂತಲೇ ಕರೆದೆ. ಪಿಯುಸಿ ಓದಿ ಮದುವೆಯಾಗಿ ಗಂಡನ ಜೊತೆ ಮಂಡಕ್ಕಿ ಭಟ್ಟಿ ಕೆಲಸಕ್ಕೆ ನಿಂತವಳು. ಅತ್ತೆ ಗೌರಮ್ಮ ಬಾಗಿಲಲ್ಲೇ ನಿಂತು ಮಿಸ್ ಹತ್ತಿರ ಎಲ್ಲ ಹೇಳಿಬಿಟ್ಟಳು.

"ನೋಡ್ರಿ ಮೇಡಮ್ಮಾರೆ, ನಮ್ ಹುಡ್ಗಿ ಎದಿಗೆ ಭಟ್ಟಿ ಹೊಗಿ ಆಗಿ ಬರ್ವಲ್ದು. ರಾತ್ರೆಲ್ಲ ಕೆಮ್ತಾಳ. ಡಾಕ್ಟ್ರು ಭಟ್ಟಿ ಬಿಡಿಸ್ರಿ ಅಂದಾರ. ಬಿಡಿಸ್ರಿ ಅನ್ನಾಕ ಅವರ್ದೇನು ಹೋತು? ಕುರ್ಚಿ ಮ್ಯಾಲೆ ಕೂತು ಮಾಡೋ ಕೆಲ್ಸ ಇದ್ರೆ ಕಲೀಲಿ ಅಂತ ಕರ್ಕಂಡ್ ಬಂದೀನಿ. ಓದಿನಾಗ ಶಾಣ್ಯಾ ಐದಾಳ್ರಿ."

ಸೊಸೆಯನ್ನ ಶಾಣ್ಯಾ ಅಂತ ಊರೆದುರು ಹೊಗಳೋ ಅತ್ತೆಯನ್ನ ನಾನು ಅವತ್ತೇ ಮೊದಲು ನೋಡಿದ್ದು. ಮಳೆಗಾಲದಲ್ಲಿ ಭತ್ತ ಒಣಗಲ್ಲ, ಭತ್ತ ಒಣಗದಿದ್ದರೆ ಭಟ್ಟಿಗೆ ಕೆಲಸ ಕಮ್ಮಿ. ಅದಕ್ಕೇ ಆ ಮೂರ್ನಾಲ್ಕು ತಿಂಗಳು ಸೊಸೆಗೆ ಬಿಡುವು ಸಿಕ್ಕಿತ್ತು. ಬಿಸಿಲು ಬಿದ್ದು ಭಟ್ಟಿ ಜೋರಾಗೋದರೊಳಗೆ ಕೆಲಸ ಸಿಗಬೇಕು ಅಂತ ಗೌರಮ್ಮನ ಲೆಕ್ಕ. ದಿನಾ ಬಂದು ಕೆಳಗಿನ ಮೆಟ್ಟಿಲ ಮೇಲೆ ಮೊಮ್ಮಗಳನ್ನ ತೊಡೆಗೆ ಹಾಕಿಕೊಂಡು ಕೂರೋಳು. ಮಳೆ ಜಾಸ್ತಿಯಾದರೆ ಮಿಸ್ ಒಳಗೆ ಕರೆಯೋರು. "ಬ್ಯಾಡ್ರಿ, ಕೂಸು ಗಲಾಟಿ ಮಾಡ್ತೈತೆ, ನೀವ್ ಕಲಿಸ್ರಿ" ಅಂತ ಅಲ್ಲೇ ಕೊಡೆ ಬಿಚ್ಚಿಕೊಳ್ಳೋಳು.

ಎಡವಟ್ಟು ಶುರುವಾಗಿದ್ದು ಮೊದಲ ವಾರವೇ. ಒಂದರಿಂದ ಹತ್ತರವರೆಗೆ ನಂಬರ್ ಬರಿಸೋ ಪಾಠ. ಅದಕ್ಕೆ ರೇಂಜ್ ಅಂತ ಒಂದು ಪದ ಇದೆ. ಕಂಪ್ಯೂಟರಿನ ಭಾಷೆಯಲ್ಲಿ ಕೆಲವು ಪದಗಳು ಹುಟ್ಟುವಾಗಲೇ ಕಲಿತುಬಂದವು, ನಾವೇನೂ ಹೇಳಿಕೊಡಬೇಕಿಲ್ಲ. ರೇಂಜ್ ಅಂದರೆ ಎಣಿಸು, ಪ್ರಿಂಟ್ ಅಂದರೆ ತೋರಿಸು, ಹೀಗೆ. ಆದರೆ ಆ ರೇಂಜಿಗೆ ಹತ್ತು ಅಂತ ಕೊಟ್ಟರೆ ಅದು ಸೊನ್ನೆಯಿಂದ ಶುರುಮಾಡಿ ಒಂಬತ್ತಕ್ಕೇ ನಿಲ್ಲಿಸುತ್ತೆ. ಹತ್ತು ಅಂಕಿ ಇರುತ್ತೆ, ಹತ್ತು ಮಾತ್ರ ಇರಲ್ಲ.

ನಾಗಕ್ಕ ಪರದೆಗೆ ಮುಖ ಹತ್ತಿರ ತಂದು ನೋಡಿದಳು. "ಮಿಸ್, ಇದು ಎಣಿಸಾದ್ರಾಗೇ ತಪ್ಪೈತಲ್ರಿ. ಸೊನ್ನೆ ನಂಬರ್ ಚೀಲ ಅಂತ ಯಾವ್ದಾರ ಇರ್ತೈತೇನ್ರಿ? ಹತ್ತನೇ ಚೀಲ ಎಲ್ ಹೋತು? ಭಟ್ಟಿನಾಗ ಹಿಂಗ್ ಎಣಿಸಿದ್ರೆ ಮನಿಗೆ ಕಳಿಸ್ತಾರ."

ಎಲ್ಲರೂ ನಕ್ಕೆವು. ಮಿಸ್ ನಗುತ್ತಲೇ ವಿವರಿಸಿದರು, ಬೋರ್ಡಿನ ಮೇಲೆ ಚೌಕ ಹಾಕಿದರು, ಬಾಣ ಎಳೆದರು. ಯಾರ ತಲೆಗೂ ಹೋಗಲಿಲ್ಲ. ಅದರ ಮೇಲೆ, ಒಂದು ಚುಕ್ಕೆ ತಪ್ಪಿದರೆ ಸಾಕು, ಕೆಂಪಕ್ಷರದಲ್ಲಿ ಉದ್ದಾನುದ್ದ ಇಂಗ್ಲಿಷ್ ಬೈಗುಳ ಬರೋದು. ಆ ವಾರ ಇಬ್ಬರು ಹುಡುಗಿಯರು ಕ್ಲಾಸ್ ಬಿಟ್ಟರು. ಮಿಸ್ ಮುಖ ಬಾಡಿಹೋಯ್ತು.

ಸೋಮವಾರ ಬಂದು ನೋಡಿದರೆ ಕಂಪ್ಯೂಟರೇ ಬೇರೆಯಾಗಿತ್ತು. ರೇಂಜಿಗೆ ಹತ್ತು ಅಂದರೆ ಒಂದರಿಂದ ಶುರು, ಹತ್ತರವರೆಗೂ ಬರುತ್ತೆ. ಪ್ರಿಂಟ್ ಅಂದರೆ ಅಂಕಿಗಳೆಲ್ಲ ಕನ್ನಡದಲ್ಲಿ, ಸಾಲಾಗಿ, ಮುದ್ದಾಗಿ. ತಪ್ಪು ಮಾಡಿದರೆ ಕೆಂಪು ಬೈಗುಳ ಇಲ್ಲ, "ಎರಡನೇ ಸಾಲಿನಾಗ ಏನೋ ಬಿಟ್ಟೀರಿ, ನೋಡ್ರಿ" ಅಂತ ಬರೋದು. ನಾಗಕ್ಕನಿಗೆ ಹಿಡಿಸಲಾರದಷ್ಟು ಖುಷಿ. "ಈಗ ಬುದ್ಧಿ ಬಂತು ನೋಡು ಇದಕ್ಕ" ಅಂದಳು. ಅಷ್ಟಕ್ಕೇ ಬಿಡಲಿಲ್ಲ. "ಮಿಸ್, ನಾವು ಕಣದಾಗ ಒಂದು ಅನ್ನಂಗಿಲ್ರಿ. ಲಾಭ, ಎರಡು, ಮೂರು ಅಂತ ಎಣಿಸ್ತೀವಿ." ಹೌದು, ನಮ್ಮ ಅಜ್ಜನೂ ಸೇರಿನಲ್ಲಿ ಜೋಳ ಅಳೆಯುವಾಗ ಮೊದಲನೇ ಸೇರಿಗೆ ಲಾಭ ಅಂತಲೇ ಅನ್ನೋನು, ಒಂದು ಅಂತ ಬಾಯಿಬಿಟ್ಟರೆ ಗದರಿಸೋನು. ಮಾರನೇ ದಿನ ಪರದೆ ಮೇಲೆ "ಲಾಭ, ೨, ೩, ೪" ಅಂತ ಬಂತು. ಕ್ಲಾಸಿಗೆ ಕ್ಲಾಸೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದು ಒಂದು ದಿನದ ತಮಾಷೆ, ಮಿಸ್ ಆಮೇಲೆ ತೆಗೆದರು. ಮಿಕ್ಕಿದ್ದು ಯಾವುದನ್ನೂ ತೆಗೆಯಲಿಲ್ಲ.

ಅವರು ಏನು ಮಾಡಿದ್ದರು ಅಂತ ನನಗೆ ಗೊತ್ತಿತ್ತು. ಅವರೇ ಬರೆದ ಒಂದು ಫೈಲನ್ನ ಕ್ಲಾಸಿನ ಹಳೇ ಕಂಪ್ಯೂಟರುಗಳಿಗೆಲ್ಲ ಹಾಕೋಕೆ ನನ್ನನ್ನೇ ಜೊತೆಗೆ ಕೂರಿಸಿಕೊಂಡಿದ್ದರು. ಈ ಭಾಷೆಯಲ್ಲಿ ಒಂದು ಸ್ವಭಾವ ಇದೆ: ಅದರ ಹುಟ್ಟುಪದದ ಹೆಸರನ್ನೇ ಇಟ್ಟು ನೀವು ಬೇರೆ ಅರ್ಥ ಬರೆದರೆ, ತಕರಾರು ಮಾಡದೆ ಒಪ್ಪಿಕೊಳ್ಳುತ್ತೆ. ತನ್ನ ರೇಂಜನ್ನ ಆಚೆ ಇಟ್ಟು ನಿಮ್ಮ ರೇಂಜನ್ನ ನಡೆಸಿಕೊಡುತ್ತೆ. ಆದರೆ ನಿಮ್ಮ ಫೈಲ್ ಇರೋ ಕಂಪ್ಯೂಟರಿನಲ್ಲಿ ಮಾತ್ರ. ಪಕ್ಕದ ಮನೆಯ ಕಂಪ್ಯೂಟರಿಗೆ ಇದರ ಸುದ್ದಿಯೇ ಇರಲ್ಲ.

"ಮಿಸ್, ಹರಿಹರದಾಗ ಇದು ಇರಂಗಿಲ್ಲಲ್ರಿ" ಅಂತ ಕೇಳಿದೆ.

"ಕೂಸು ನಡೆಯಾದು ಕಲಿಯೋ ತನಕ ಗೋಡೆ ಹಿಡೀಲಿ ಬಿಡು ಶೋಭಾ. ದಸರಾ ಹತ್ರ ಬಂದಂಗೆ ಒಂದೊಂದೇ ತೆಗೀತೀನಿ. ಈಗ್ಲೇ ಹೇಳಿದ್ರೆ ಮತ್ತೆ ಹೆದರ್ಕಂತಾರೆ. ಮೊದ್ಲು ಧೈರ್ಯ ಬರ್ಲಿ."

ಅದು ತಪ್ಪು ಅಂತ ನನಗೂ ಅನ್ನಿಸಲಿಲ್ಲ. ಧೈರ್ಯ ಬಂದಿದ್ದು ಕಣ್ಣಿಗೇ ಕಾಣ್ತಿತ್ತು. ನಾಗಕ್ಕ ಆ ಮಳೆಗಾಲದಲ್ಲಿ ಅರಳಿದ ರೀತಿ ಏನು ಹೇಳಲಿ. ಹೊರಗೆ ಜಿಟಿಜಿಟಿ, ಒಳಗೆ ಹಸಿ ಛತ್ರಿಗಳ ಸಾಲು, ಕರೆಂಟ್ ಹೋದಾಗಲೆಲ್ಲ ಬ್ಯಾಟರಿಯ ಕುಯ್ಯೋ ಸದ್ದು, ಅದರ ನಡುವೆ ಇವಳು ಭಟ್ಟಿಯ ಚೀಲಗಳಿಗೆಲ್ಲ ಪ್ರೋಗ್ರಾಂ ಬರೆಯೋಳು. ಯಾವ ಚೀಲ ಯಾರದ್ದು, ಯಾವುದು ಹೋಯ್ತು, ಯಾವುದು ಉಳೀತು. ಒಂದು ಸಲ ಅತ್ತೆಯನ್ನ ಮೇಲೆ ಕರೆದು ತೋರಿಸಿದಳು. ಗೌರಮ್ಮನಿಗೆ ಪೂರ್ತಿ ಓದೋಕೆ ಬರಲ್ಲ, ಅಂಕಿ ಮಾತ್ರ ಗೊತ್ತು. ಸಾಲಾಗಿ ಬಂದ ಕನ್ನಡ ಅಂಕಿ ನೋಡಿ, "ಇದು ನಮ್ ಮನಿ ಕಂಪ್ಯೂಟ್ರು ಇದ್ದಂಗೈತಲ್ಲೇ" ಅಂದಳು. ನಾಗಕ್ಕನ ಕೆಮ್ಮೂ ಕಮ್ಮಿಯಾಗಿತ್ತು. ಹೊಗೆಯಿಂದ ದೂರ ಇದ್ದಿದ್ದಕ್ಕೆ ಇರಬೇಕು. ನಾವು ಅದನ್ನೂ ಕಂಪ್ಯೂಟರಿನ ಲೆಕ್ಕಕ್ಕೇ ಬರೆದುಕೊಂಡೆವು.

ದಸರಾಕ್ಕೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಹರಿಹರದಿಂದ ಫೋನ್ ಬಂತು. ಹಬ್ಬ ಆದಮೇಲೆ ನಮಗೆ ಕೆಲಸದ ಒತ್ತಡ, ಈ ಶನಿವಾರವೇ ಪರೀಕ್ಷೆ ಮುಗಿಸಿಬಿಡ್ತೀವಿ, ಹುಡುಗೀರನ್ನ ಕಳಿಸಿ ಅಂತ. ಮಿಸ್ ಗುರುವಾರ ಎಲ್ಲ ಬಿಚ್ಚಿ ಹೇಳಬೇಕು ಅಂತ ಇದ್ದರು. ಬುಧವಾರ ಸಂಜೆ ಸುರಿದ ಮಳೆಗೆ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯ್ತು. ಗುರುವಾರ ಕರೆಂಟಿಲ್ಲ. ಶುಕ್ರವಾರವೂ ಇಲ್ಲ. ಕತ್ತಲ ಕೋಣೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸೋಣ ಅಂದರೆ ಮಳೆಗೆ ಅರ್ಧ ಜನ ಬಂದಿರಲಿಲ್ಲ. ನಾಗಕ್ಕನೂ ಬಂದಿರಲಿಲ್ಲ, ಮಗುವಿಗೆ ಜ್ವರ.

ಶನಿವಾರ ಬೆಳಿಗ್ಗೆ ಮಿಸ್ ದಾವಣಗೆರೆ ಬಸ್ ಸ್ಟ್ಯಾಂಡಿಗೇ ಓಡಿಬಂದರು. ಕಂಡಕ್ಟರ್ "ಹರಿಹರ, ಹರಿಹರ" ಅಂತ ಕೂಗುತ್ತಿದ್ದಾನೆ, ಜನ ನುಗ್ಗುತ್ತಿದ್ದಾರೆ. ಮಿಸ್ ಕಿಟಕಿಯಾಚೆ ನಿಂತು ತಲೆ ಎತ್ತಿ ಒಂದೇ ಉಸಿರಿಗೆ ಹೇಳಿದರು: "ನೋಡ್ರಮ್ಮ, ಅಲ್ಲಿ ರೇಂಜ್ ಬ್ಯಾರೆ ಐತೆ. ಇಲ್ಲಿದ್ದದ್ದು ನಾನು ಮಾಡಿದ್ದು. ಅಲ್ಲಿ ಒಂದರಿಂದ ಅಂತ ಬರೀಬೇಕು, ಕೊನೇ ನಂಬರಿಗೆ ಒಂದು ಜಾಸ್ತಿ ಹಾಕ್ಬೇಕು. ಹನ್ನೆರಡು ಬೇಕಂದ್ರೆ ಹದಿಮೂರು. ತಪ್ಪಾದ್ರೆ ಕೆಂಪು ಇಂಗ್ಲಿಷ್ ಬರ್ತೈತೆ, ಹೆದರ್ಬ್ಯಾಡ್ರಿ." ಬಸ್ ಹೊರಟಿತು. ಮಿಸ್ ಇನ್ನೂ ಏನೋ ಹೇಳುತ್ತಲೇ ಇದ್ದರು, ಕೇಳಿಸಲಿಲ್ಲ.

ನಾಗಕ್ಕ ದಾರಿಯುದ್ದಕ್ಕೂ ಬಾಯಲ್ಲಿ ಮಣಮಣ ಅಂದುಕೊಳ್ಳುತ್ತಿದ್ದಳು. ಒಂದರಿಂದ, ಒಂದು ಜಾಸ್ತಿ. ಒಂದರಿಂದ, ಒಂದು ಜಾಸ್ತಿ. ನಾನೂ ಇನ್ನೊಂದು ಸಲ ಬಿಡಿಸಿ ಹೇಳಿದೆ. "ಗೊತ್ತಾತು ಬಿಡೇ" ಅಂದಳು. ಆಮೇಲೆ "ಮಿಸ್ ಮಾಡಿದ್ದು ಅಂದ್ರೆ ಏನೇ ಅರ್ಥ?" ಅಂತ ಕೇಳಿದಳು. ಅಷ್ಟರಲ್ಲಿ ಹರಿಹರ ಬಂತು.

ಪರೀಕ್ಷೆ ಸುಲಭವೇ ಇತ್ತು, ಅದೇ ಸಂಕಟ. ಒಂದು ಪಾಳಿಯಲ್ಲಿ ತಯಾರಾದ ಹನ್ನೆರಡು ಪೆಟ್ಟಿಗೆಗೆ ಚೀಟಿ ನಂಬರ್ ಬರಿಸಬೇಕು, ಒಂದರಿಂದ ಹನ್ನೆರಡು. ಇದರ ಹತ್ತರಷ್ಟು ಕಷ್ಟದ್ದನ್ನ ನಾಗಕ್ಕ ನಗುನಗುತ್ತಾ ಮಾಡಿದ್ದಳು. ಅವಳು ಬರೆದಿದ್ದೂ ಸರಿಯಾಗೇ ಇತ್ತು, ಒಂದು, ಹದಿಮೂರು ಅಂತಲೇ. ಸಾಲಿನ ಕೊನೆಗೆ ಇಡಬೇಕಾದ ಎರಡು ಚುಕ್ಕೆ ಮರೆತಿದ್ದಳು ಅಷ್ಟೇ. ಒತ್ತಿದ ಕೂಡಲೇ ಕೆಂಪು ಇಂಗ್ಲಿಷ್ ಬಂತು. ನಮ್ಮ ಕ್ಲಾಸಿನಲ್ಲಾಗಿದ್ದರೆ "ಏನೋ ಬಿಟ್ಟೀರಿ ನೋಡ್ರಿ" ಅಂತ ಬರೋದು, ಅವಳು ಒಂದು ಗಳಿಗೆಯಲ್ಲಿ ಹುಡುಕಿಬಿಡೋಳು. ಇಲ್ಲಿ ಮೆಷಿನ್ನೇ ಕೆಟ್ಟುಹೋಯ್ತು ಅಂದುಕೊಂಡಳಂತೆ. ನೋಡಿ ನೋಡಿ, ಕಣ್ಣು ಹೋಗಿ ಆ ಹದಿಮೂರರ ಮೇಲೆ ನಿಂತಿದೆ. ಇರೋದು ಹನ್ನೆರಡು ಪೆಟ್ಟಿಗೆ, ಇಲ್ಲದ ಪೆಟ್ಟಿಗೆ ಬರೆದಿದ್ದಕ್ಕೇ ಹಿಂಗಾಯ್ತು ಅಂತ ಇಡೀ ಸಾಲು ಅಳಿಸಿ, ಕೈಗೆ ರೂಢಿಯಿದ್ದಂತೆ ಬರೀ ಹನ್ನೆರಡು ಅಂತ ಹಾಕಿದಳು. ಚುಕ್ಕೆಗಳೂ ಆ ಗಡಿಬಿಡಿಯಲ್ಲಿ ಸರಿಹೋದವು. ಸೊನ್ನೆಯಿಂದ ಹನ್ನೊಂದು ಬಂತು.

ಪರೀಕ್ಷೆ ಮಾಡೋಕೆ ನಿಂತಿದ್ದವನು ನಮ್ಮ ವಯಸ್ಸಿನವನೇ, ಮರ್ಯಾದಸ್ಥ. "ಸೊನ್ನೆ ನಂಬರ್ ಪೆಟ್ಟಿಗೆ ಯಾವುದಮ್ಮ? ಹನ್ನೆರಡನೇದು ಎಲ್ಲಿ ಹೋಯ್ತು?" ಅಂತ ಮೆತ್ತಗೆ ಕೇಳಿದ.

"ನಮ್ ಕ್ಲಾಸಿನಾಗ ಸರಿ ಬರ್ತೈತ್ರಿ ಸರ್" ಅಂದಳು ನಾಗಕ್ಕ.

ಅವನು ಪಾಪ ಅನ್ನೋ ಹಾಗೆ ತಲೆಯಾಡಿಸಿ ಮುಂದಿನವಳ ಹತ್ತಿರ ಹೋದ. ನನ್ನ ಮನೆಯಲ್ಲಿ ತಮ್ಮನ ಹಳೇ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಸಾದಾ ರೇಂಜೇ ಇದ್ದದ್ದು, ಎರಡೂ ರೂಢಿಯಾಗಿತ್ತು. ನಾನು ಪಾಸಾದೆ. ನಾಗಕ್ಕನಿಗಿಂತ ಜಾಸ್ತಿ ಬುದ್ಧಿ ನನಗಿತ್ತು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ಹೋಗ್ತೀನಿ.

ಮಿಸ್ ಸುಮ್ಮನೆ ಕೂರಲಿಲ್ಲ, ಆ ಮಾತು ಹೇಳಲೇಬೇಕು. ಹರಿಹರಕ್ಕೆ ಹೋಗಿ ಆಫೀಸರ್ ಮುಂದೆ ಕೈಮುಗಿದು ನಿಂತು, ತಪ್ಪು ನಂದು ಅಂತ ಹೇಳಿ, ನಾಗಕ್ಕನಿಗೆ ಇನ್ನೊಂದು ಸಲ ಪರೀಕ್ಷೆ ಮಾಡೋಕೆ ಒಪ್ಪಿಸಿಕೊಂಡು ಬಂದರು. ಆಯುಧಪೂಜೆ ಮುಗಿದ ಮೇಲೆ ನನ್ನನ್ನ ಕರೆದುಕೊಂಡು ನಾಗಕ್ಕನ ಮನೆಗೆ ಹೋದರು. ಗೌರಮ್ಮ ಅಂಗಡಿಗೆ ಹೋಗಿದ್ದಳು. ನಾಗಕ್ಕ ಚಾಪೆ ಹಾಸಿ, "ಬರ್ರಿ ಮಿಸ್, ಕೂಡ್ರಿ" ಅಂದು ಚಾ ಇಟ್ಟಳು. ಮಿಸ್ ಎಲ್ಲ ಬಿಡಿಸಿ ಹೇಳಿದರು. ಕಂಪ್ಯೂಟರಿನ ಪದದ ಹೆಸರಿಟ್ಟು ತಾನು ಬೇರೆ ಅರ್ಥ ಬರೆದದ್ದು, ಯಾಕೆ ಬರೆದದ್ದು, ಎಲ್ಲ. ನಾಗಕ್ಕ ಕೇಳಿಸಿಕೊಳ್ಳುತ್ತಲೇ ಚಾ ಸೋಸಿ ಲೋಟ ಮುಂದಿಟ್ಟಳು.

"ರೇಂಜು ನಿಮ್ದು. ಆತು ಮಿಸ್" ಅಂದಳು ಆಮೇಲೆ. "ಪ್ರಿಂಟ್ ಆದ್ರೂ ಅದ್ರುದ್ದೇ ಏನ್ರಿ?"

ಮಿಸ್ ಚಾ ಲೋಟ ನೋಡುತ್ತಾ, "ಅದನ್ನೂ ಒಂಚೂರು ತಿದ್ದಿದ್ದೆ" ಅಂದರು.

"ಮತ್ತೆ ಕೂಡ್ಸಾದು?"

"ಅದು... ಅದೂ ಸ್ವಲ್ಪ."

"ಹಂಗಾದ್ರೆ ಯಾವ್ದು ಅದ್ರುದ್ದು, ಯಾವ್ದು ನಿಮ್ದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕ್ರಿ ಮಿಸ್? ಮನ್ನೆಯಿಂದ ಒಂದೊಂದ್ ಪದ ನೆನಿಸ್ಕಂಡ್ರೂ ಇದು ನಿಜವಾ ಅಲ್ವಾ ಅನ್ನಿಸ್ತೈತೆ. ನಾನು ಕಲ್ತಿದ್ದು ಏನು ಅನ್ನಾದೇ ತಿಳೀವಲ್ದು."

ಮಿಸ್ ಒಂದು ವಾರ ಕೊಡು, ಎಲ್ಲ ಹೊಸದಾಗಿ ಹೇಳಿಕೊಡ್ತೀನಿ ಅಂತ ಬೇಡಿದರು. ನಾನೂ ಗೋಗರೆದೆ. ಬೈದೆ ಕೂಡ. "ಬ್ಯಾಡ ಶೋಭಿ, ಆ ಹುಡ್ಗನ ಮುಂದೆ ಇನ್ನೊಂದ್ ಸಲ ನಿಲ್ಲಾಕ ನನ್ ಕೈಲಾಗಲ್ಲ" ಅಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ. ಇಲ್ಲಿ ಬಾಯಿಯವರೆಗೂ ಬಂದಿತ್ತು, ಅವಳೇ ಬಾಯಿ ಮುಚ್ಚಿಕೊಂಡಳು.

ಗೌರಮ್ಮ ಬಂದಳು. ಮಿಸ್ ಕೂತಿದ್ದು ನೋಡಿ ಮುಖ ಅರಳಿತು. "ಏನಾತ್ರಿ ಮೇಡಮ್ಮಾರೆ, ನಮ್ ಹುಡ್ಗಿಗೆ ಯಾಕ ಆಗಲಿಲ್ಲ? ಏನ್ ಕಮ್ಮಿ ಬಿತ್ತು?" ಅಂತ ಕೇಳಿದಳು. ಮಿಸ್ ಬಾಯಿ ತೆರೆಯೋದರೊಳಗೆ ನಾಗಕ್ಕನೇ ಹೇಳಿದಳು: "ಮಿಸ್ ಚೊಲೋ ಹೇಳ್ಕೊಟ್ಟಿದ್ರು ಅತ್ತಿ. ನನ್ ತೆಲಿಗೇ ಹತ್ತಲಿಲ್ಲ."

ಮಿಸ್ ಮಾತಾಡಬೇಕಿತ್ತು. ಹರಿಹರದಲ್ಲಿ ಅಷ್ಟು ದೊಡ್ಡ ಆಫೀಸರ್ ಮುಂದೆ ಮಾತಾಡಿದವರು ಈ ಮುದುಕಿಯ ಮುಂದೆ ಬಾಯಿ ಬಿಡಲಿಲ್ಲ. ಲೋಟ ಕೆಳಗಿಟ್ಟು ಎದ್ದರು. ಮಾರನೇ ವರ್ಷ ಆ ಕ್ಲಾಸೂ ನಿಂತುಹೋಯ್ತು, ಮಿಸ್ ಊರು ಬಿಟ್ಟು ಹೋದರು. ಬಿಸಿಲು ಬಿತ್ತು, ಭತ್ತ ಒಣಗಿತು, ನಾಗಕ್ಕ ಭಟ್ಟಿಗೆ ಹೋದಳು.

ಹೋದ ವಾರ ಆ ಬಸ್ಸಿನಿಂದ ಇಳಿದವಳು ಮನೆ ಕಡೆ ಹೋಗಲಿಲ್ಲ. ಆಟೋ ಹಿಡಿದು ಸೀದಾ ಭಟ್ಟಿ ಕಡೆ ಹೋದೆ. ಗೌರಮ್ಮ ತಮ್ಮ ಮನೆ ಬಾಗಿಲ ಕಟ್ಟೆ ಮೇಲೆ ಕೂತಿದ್ದಳು, ಈಗ ಬೆನ್ನು ಬಾಗಿದೆ. ಗುರುತು ಹಿಡಿದು ಪಕ್ಕ ಕೂರಿಸಿಕೊಂಡಳು. ನಾಗಕ್ಕ ಪಕ್ಕದ ಭಟ್ಟಿಯಲ್ಲಿದ್ದಾಳಂತೆ. ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಗೆ ಎಳೆಯೋ ಔಷಧ ಕೊಟ್ಟಿದ್ದಾರಂತೆ. "ನೀನು ಫ್ಯಾನಿನ ಕೆಳಗೆ ಕೂತು ಕೆಲ್ಸ ಮಾಡ್ತೀಯವ್ವ, ನಿನ್ ಪುಣ್ಯ" ಅಂದಳು. "ನಮ್ ಹುಡ್ಗಿ ತೆಲಿ ಒಂಚೂರು ಚುರುಕಿದ್ದಿದ್ರೆ ಅಕಿನೂ ಕೂತಿರ್ತಿದ್ಲು. ಶಾಣ್ಯಾ ಅಂತ ನಾನೇ ತಪ್ಪು ತಿಳ್ಕಂಡಿದ್ದೆ."

ನನಗೆ ತಡೆಯೋಕಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ರೇಂಜು, ಸೊನ್ನೆ, ಮಿಸ್ ಬರೆದ ಫೈಲು, ಬಸ್ ಸ್ಟ್ಯಾಂಡು, ಹದಿಮೂರು. ಗೌರಮ್ಮನಿಗೆ ಎಷ್ಟು ತಿಳೀತೋ ಗೊತ್ತಿಲ್ಲ. "ಹೇಳ್ಕೊಟ್ಟಿದ್ದನ್ನ ಅವಳು ಒಂದಕ್ಷರ ತಪ್ಪದಂಗೆ ಕಲ್ತಿದ್ಲು ದೊಡ್ಡಮ್ಮ, ಹೇಳ್ಕೊಟ್ಟಿದ್ದೇ ಬ್ಯಾರೆ ಇತ್ತು" ಅಂದಾಗ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಭಟ್ಟಿ ಕಡೆ ತಿರುಗಿ "ನಾಗೀ, ಬಾ ಇಲ್ಲಿ" ಅಂತ ಕೂಗಿದಳು.

ನಾಗಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಂದಳು, ಕೈಯಲ್ಲಿ ಜರಡಿ. ನನ್ನ ನೋಡಿ ಕಣ್ಣಲ್ಲಿ ನಕ್ಕಳು. ಗೌರಮ್ಮ ಕೇಳಿದಳು: "ನಿನ್ ತಪ್ಪು ಇರಲಿಲ್ಲಂತೆ. ಹೌದೇನು?"

ನಾಗಕ್ಕ ಮೂಗಿನ ಬಟ್ಟೆ ಕೆಳಗೆ ಸರಿಸಿದಳು. ಅವಳು ಈಗಲೂ ಮಿಸ್ ಮರ್ಯಾದೆ ಕಾಯೋಕೆ ಸುಳ್ಳು ಹೇಳ್ತಾಳೆ ಅಂತ ನಾನು ಕಾದು ಕೂತಿದ್ದೆ. ಹೇಳಿದರೆ ಅಲ್ಲೇ ಹಿಡಿದು ಜಗಳ ಆಡೋಳಿದ್ದೆ. ಆದರೆ ಅವಳು ಯಾರ ಮರ್ಯಾದೆಯನ್ನೂ ಕಾಯುತ್ತಿರಲಿಲ್ಲ. ಮಗಳ ವಯಸ್ಸೆಷ್ಟು ಅಂತ ಕೇಳಿದರೆ ಹೇಳುವಷ್ಟೇ ಸಹಜವಾಗಿ ಹೇಳಿದಳು.

"ಶೋಭಿ ಒಳ್ಳೇಕಿ ಅತ್ತಿ, ನಂಗ್ ಬ್ಯಾಸ್ರ ಆಗಬಾರ್ದು ಅಂತ ಹಂಗಂತಾಳ. ನಂಗೆ ಎಣಿಸಾಕೇ ಬರ್ತಿರಲಿಲ್ಲ."

ಮರಳು ಕಾದಿದೆ, ಬಿಟ್ಟು ಬಂದೀನಿ ಅಂತ ಹೇಳಿ, ಬಟ್ಟೆ ಮೂಗಿಗೆ ಏರಿಸಿಕೊಂಡು ವಾಪಸ್ ಹೋದಳು.